ಡಿಸ್ಕ್ ಗಾಲ್ಫ್ ಶುರುಮಾಡುವವರಿಗೆ: ಮೊದಲು ಯಾವ ಡಿಸ್ಕ್ ಕೊಳ್ಳಬೇಕು?

ಡಿಸ್ಕ್ ಗಾಲ್ಫ್ ಎಂದರೆ ಚೆಂಡಿನ ಬದಲು ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತಾ, ಆದಷ್ಟು ಕಡಿಮೆ ಎಸೆತಗಳಲ್ಲಿ ಅದನ್ನು ಸರಪಳಿ ತೂಗುಬಿಟ್ಟ ಬುಟ್ಟಿಗೆ ಹಾಕುವ ಆಟ. ಹೊಸದಾಗಿ ಆಡಲು ಹೊರಟವರಿಗೆ ಬೇಕಾದದ್ದು ಒಂದು ಪಟ್ಟರ್ (ಬುಟ್ಟಿಯ ಹತ್ತಿರದ ಎಸೆತಕ್ಕೆ), ಒಂದು ಮಿಡ್‌ರೇಂಜ್ (ಮಧ್ಯಮ ದೂರಕ್ಕೆ), ಜೊತೆಗೆ ಮನಸ್ಸಿದ್ದರೆ ಸ್ಪೀಡ್ 6 ಅಥವಾ 7ರ (ಈ ಅಂಕಿಗಳ ಅರ್ಥ ಮುಂದಿದೆ) ಒಂದು ಫೇರ್‌ವೇ ಡ್ರೈವರ್ (ಅದಕ್ಕಿಂತ ದೂರಕ್ಕೆ). ಅಷ್ಟೇ. ಅಂಗಡಿಯಲ್ಲಿ ಆಗುವುದು ಮಾತ್ರ ಇದಕ್ಕೆ ತದ್ವಿರುದ್ಧ. ಅತಿ ದೂರದ ಎಸೆತಕ್ಕೆಂದು ಮಾಡಿದ ಡಿಸ್ಟೆನ್ಸ್ ಡ್ರೈವರ್‌ಗಳ ಮೇಲೆ ಸ್ಪೀಡ್ 12, 13 ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ದೂರ ಹೋಗುತ್ತದೆ ಎಂದುಕೊಂಡು ಅದನ್ನೇ ಎತ್ತಿಕೊಳ್ಳುತ್ತಾರೆ. ಮೈದಾನದಲ್ಲಿ ಅದು ನಲವತ್ತು ಮೀಟರ್ ಹೋಗುವಷ್ಟರಲ್ಲಿ ಎಡಕ್ಕೆ ಹೊರಳಿ ನೆಲ ಕಚ್ಚುತ್ತದೆ. ವಾರಗಟ್ಟಲೆ ಹೀಗೇ ಆದರೆ ಆಟವೇ ಬೇಡ ಎನಿಸುತ್ತದೆ. ಕೈಯಲ್ಲಿ ಏನೂ ದೋಷವಿಲ್ಲದವರೂ ಈ ಒಂದು ಆಯ್ಕೆಯಿಂದ ಆಟ ಬಿಟ್ಟುಬಿಡುತ್ತಾರೆ.

ಅಮೆರಿಕ, ಕೆನಡಾ, ಫಿನ್‌ಲ್ಯಾಂಡ್, ಸ್ವೀಡನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಸುಲಭವಾಗಿ ಎಟುಕುವ ಆಟ. ಹೆಚ್ಚಿನ ಕೋರ್ಸ್‌ಗಳು ಸಾರ್ವಜನಿಕ ಪಾರ್ಕುಗಳಲ್ಲೇ ಇವೆ, ಬಹಳಷ್ಟು ಕಡೆ ಶುಲ್ಕವೂ ಇಲ್ಲ. ಹಾಗಾಗಿ ಖರ್ಚೆಲ್ಲ ಡಿಸ್ಕಿನದ್ದೇ.

ಮನೆಯಲ್ಲಿರುವ ಫ್ರಿಸ್ಬಿ ಸಾಲದೇ?

ಆಡಬಹುದು, ಆದರೆ ದೂರ ಸಿಗುವುದಿಲ್ಲ. ಎರಡು ತಂಡಗಳು ಫ್ರಿಸ್ಬಿ ಎಸೆದು ಹಿಡಿದು ಆಡುವ ಅಲ್ಟಿಮೇಟ್ ಆಟದ ಡಿಸ್ಕ್ 175 ಗ್ರಾಂ ತೂಗುತ್ತದೆ, ಅಡ್ಡಳತೆ ಸುಮಾರು 27 ಸೆಂ.ಮೀ. ಗಾಲ್ಫ್ ಡಿಸ್ಕ್ ಹೆಚ್ಚುಕಡಿಮೆ ಅಷ್ಟೇ ತೂಕವನ್ನು 21-22 ಸೆಂ.ಮೀ. ಒಳಗೆ ಹಿಡಿದಿಟ್ಟಿರುತ್ತದೆ, ಅದರಲ್ಲೂ ಬಹುಪಾಲು ತೂಕ ಅಂಚಿನಲ್ಲಿರುತ್ತದೆ. ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಜನ ಆಡುತ್ತಿದ್ದದ್ದು ಫ್ರಿಸ್ಬಿಯಲ್ಲೇ. 1983ರಲ್ಲಿ ಡೇವ್ ಡನಿಪೇಸ್ ಮತ್ತು ಇನೋವಾ ಕಂಪನಿ ಅಂಚನ್ನು ಇಳಿಜಾರಾಗಿಸಿದ ಈಗಲ್ ಡಿಸ್ಕ್ ತಂದ ಮೇಲೆ ದೂರದ ಲೆಕ್ಕವೇ ಬದಲಾಯಿತು. ಇವತ್ತಿನ ಡ್ರೈವರ್‌ಗಳೆಲ್ಲ ಅದರ ಸಂತತಿ.

ಆ ಅಂಚಿನ ಕಾರಣಕ್ಕೇ ಒಂದು ಎಚ್ಚರಿಕೆ: ಗಾಲ್ಫ್ ಡಿಸ್ಕ್ ಇರುವುದು ಒಬ್ಬರು ಎಸೆದು ಇನ್ನೊಬ್ಬರು ಹಿಡಿಯುವುದಕ್ಕಲ್ಲ. ಡ್ರೈವರನ್ನು ಮಕ್ಕಳ ಕಡೆಗೆ ಎಸೆದರೆ ಬೆರಳು ಮುರಿಯಬಹುದು, ಹಲ್ಲು ಹೋಗಬಹುದು.

ಆ ನಾಲ್ಕು ಅಂಕಿಗಳು

ಇನೋವಾದ ಲೆಪರ್ಡ್ ಡಿಸ್ಕಿಗೆ 6, 5, -2, 1 ಎಂಬ ಅಂಕಿಗಳಿವೆ. ಕ್ರಮವಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಇನೋವಾ ಶುರುಮಾಡಿದ ಈ ಪದ್ಧತಿಯನ್ನು ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಅನುಸರಿಸುತ್ತವೆ.

ಎಲ್ಲರೂ ತಪ್ಪಾಗಿ ಓದುವುದು ಸ್ಪೀಡ್ ಅನ್ನು. ಡಿಸ್ಕ್ ತನ್ನ ಗುಣಕ್ಕೆ ತಕ್ಕಂತೆ ಹಾರಬೇಕಾದರೆ ನಿಮ್ಮ ಕೈಯಿಂದ ಎಷ್ಟು ವೇಗ ಬೇಕು ಎಂಬುದನ್ನು ಅದು ಹೇಳುತ್ತದೆ. ಸ್ಪೀಡ್ ಹೆಚ್ಚಿದಂತೆ ಅಂಚು ಅಗಲವಾಗುತ್ತದೆ: ಪಟ್ಟರ್‌ನ ಅಂಚು ಸುಮಾರು 1 ಸೆಂ.ಮೀ., ಇನೋವಾದ ಡಿಸ್ಟೆನ್ಸ್ ಡ್ರೈವರ್ ಆದ, ಸ್ಪೀಡ್ 12ರ ಡಿಸ್ಟ್ರಾಯರ್‌ನದ್ದು 2 ಸೆಂ.ಮೀ.ಗಿಂತ ಜಾಸ್ತಿ. ಆಟದ ನಿಯಮ ಮಾಡುವ ಪಿಡಿಜಿಎ ಸಂಸ್ಥೆ ಒಪ್ಪುವ ಗರಿಷ್ಠ ಅಗಲ 2.6 ಸೆಂ.ಮೀ. ಅಗಲವಾದ, ಚೂಪಾದ ಅಂಚು ಜೋರಾದ ಎಸೆತದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಿಧಾನದ ಎಸೆತದಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಸಣ್ಣ ಕೈಯವರಿಗೆ ಅಷ್ಟು ಅಗಲದ ಅಂಚನ್ನು ಬಿಗಿಯಾಗಿ ಹಿಡಿಯುವುದೂ ಕಷ್ಟ.

ಗ್ಲೈಡ್ 1ರಿಂದ 7ರವರೆಗೆ. ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಎಂಬುದರ ಅಳತೆ. ಕೈಯಲ್ಲಿ ಇನ್ನೂ ವೇಗ ಇಲ್ಲದವರಿಗೆ ದೂರ ತಂದುಕೊಡುವುದು ಇದೇ. 5 ಅಥವಾ 6 ಇರುವ ಡಿಸ್ಕ್ ಹುಡುಕಿ.

ಟರ್ನ್ ಮತ್ತು ಫೇಡ್ ಅನ್ನು ಒಟ್ಟಿಗೇ ನೋಡಬೇಕು. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಯ ಅಡ್ಡಕ್ಕೆ ತಂದು ಹೊರಕ್ಕೆ ಬೀಸುವ ರೀತಿ) ಎಸೆಯುವವರ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ವೇಗ ಹೆಚ್ಚಿರುವಾಗ ಗಾಳಿ ಅದರ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಕೆಳಕ್ಕೆ ಒತ್ತಲು ನೋಡುತ್ತದೆ, ವೇಗ ಇಳಿದಾಗ ಮೇಲಕ್ಕೆ ಎತ್ತಲು ನೋಡುತ್ತದೆ. ಸುತ್ತುತ್ತಿರುವ ವಸ್ತುವಿಗೆ ಒಂದು ಕಡೆ ಒತ್ತಿದರೆ ಅದು ಅಡ್ಡ ದಿಕ್ಕಿಗೆ ವಾಲುತ್ತದೆ. ಬುಗುರಿ ಬೀಳುವ ಮುಂಚೆ ವಾಲಿಕೊಂಡು ಸುತ್ತು ಹಾಕುವುದರ ಹಿಂದಿರುವುದೂ ಇದೇ ನಿಯಮ. ಹಾಗಾಗಿ ಮೂತಿ ಕೆಳಗಾದರೆ ಡಿಸ್ಕ್ ಬಲಕ್ಕೆ ವಾಲುತ್ತದೆ, ಅದು ಟರ್ನ್. ಮೂತಿ ಮೇಲಾದರೆ ಎಡಕ್ಕೆ, ಅದು ಫೇಡ್. ಟರ್ನ್ +1ರಿಂದ -5ರವರೆಗೆ ಇರುತ್ತದೆ, ಋಣ ಹೆಚ್ಚಿದಷ್ಟೂ ಬಲಕ್ಕೆ ಹೆಚ್ಚು. ಫೇಡ್ 0ಯಿಂದ 5ರವರೆಗೆ. ಎಡಗೈಯವರು ಇದನ್ನೆಲ್ಲ ಕನ್ನಡಿಯಲ್ಲಿಟ್ಟು ಓದಿಕೊಳ್ಳಬೇಕು. ಬಲಗೈ ಫೋರ್‌ಹ್ಯಾಂಡಿಗೂ (ಬಲಬದಿಯಿಂದ ಅಂಗೈ ಮುಂದಾಗಿ ಬೀಸುವ ಎಸೆತ) ಹಾಗೆಯೇ.

ಈಗ ಡಿಸ್ಟ್ರಾಯರ್ ಏಕೆ ಕೈಕೊಡುತ್ತದೆ ಎಂಬುದು ಸ್ಪಷ್ಟ. ಅದರ ಅಂಕಿಗಳು 12, 5, -1, 3. ಟರ್ನ್ ಆಗಲು ಬೇಕಾದ ವೇಗವನ್ನು ಅದು ಹೊಸಬರ ಕೈಯಲ್ಲಿ ಮುಟ್ಟುವುದೇ ಇಲ್ಲ. ಕೈಬಿಟ್ಟ ಕ್ಷಣದಿಂದಲೇ ಹಾರಾಟದ ಕೊನೆಯ ಭಾಗ, ಅಂದರೆ ಫೇಡ್, ಶುರುವಾಗಿಬಿಡುತ್ತದೆ. ಲೆಪರ್ಡ್‌ಗೆ ಬೇಕಾದ ವೇಗ ಅದಕ್ಕಿಂತ ಎಷ್ಟೋ ಕಡಿಮೆ, ಫೇಡ್ ಬರೀ 1. ಅದೇ ಕೈಯಲ್ಲಿ ಲೆಪರ್ಡ್ ನೇರವಾಗಿ, ಬಹಳ ಸಲ ಡಿಸ್ಟ್ರಾಯರ್‌ಗಿಂತ ದೂರವೂ ಹೋಗುತ್ತದೆ.

ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳಿ: ಸಪಾಟು ನೆಲದಲ್ಲಿ ನಿಮ್ಮ ಒಳ್ಳೆಯ ಎಸೆತ ಎಷ್ಟು ಮೀಟರ್ ಹೋಗುತ್ತದೋ ಅದನ್ನು ಹತ್ತರಿಂದ ಭಾಗಿಸಿ. 60 ಮೀಟರ್ ಎಸೆಯುವವರಿಗೆ ಸ್ಪೀಡ್ 6 ಸಾಕು. 9ರ ಡಿಸ್ಕ್ 90 ಮೀಟರ್ ಎಸೆಯುವವರ ಸಾಮಾನು.

ಈ ಅಂಕಿಗಳನ್ನು ಕೊಡುವುದು ಆಯಾ ಕಂಪನಿಯೇ ಹೊರತು ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವ ಹೊರಗಿನವರಲ್ಲ. ಒಂದು ಕಂಪನಿಯ -1 ಇನ್ನೊಂದರ -2ರ ಹಾಗೆ ಹಾರುವುದುಂಟು. ಒಂದೇ ಕಂಪನಿಯ ಅಂಕಿಗಳನ್ನು ಪರಸ್ಪರ ಹೋಲಿಸಿದರೆ ಹೆಚ್ಚು ನಂಬಬಹುದು.

ಮೊದಲು ಮಿಡ್‌ರೇಂಜ್, ಆಮೇಲೆ ಉಳಿದದ್ದು

ಒಂದೇ ಡಿಸ್ಕ್ ಕೊಳ್ಳುವಷ್ಟು ಮಾತ್ರ ಹಣ ಇದ್ದರೆ ಮಿಡ್‌ರೇಂಜ್ ಕೊಳ್ಳಿ. ಅದರಲ್ಲಿ ಟೀಯಿಂದ (ಮೊದಲ ಎಸೆತದ ಜಾಗ) ಎಸೆಯಬಹುದು, ಬುಟ್ಟಿಯ ಹತ್ತಿರಕ್ಕೆ ತರಬಹುದು, ಹತ್ತು ಮೀಟರ್ ಒಳಗೆ ಬಂದ ಮೇಲೆ ಪಟ್ (ಬುಟ್ಟಿಗೆ ಹಾಕುವ ಎಸೆತ) ಕೂಡ ಮಾಡಬಹುದು. ಡಿಸ್ಕ್ರಾಫ್ಟ್‌ನ ಬಝ್ (5, 4, -1, 1) ಈ ವರ್ಗದಲ್ಲಿ ಹೊಸಬರಿಂದ ಹಿಡಿದು ವೃತ್ತಿಪರರವರೆಗೆ ಎಲ್ಲರ ಚೀಲದಲ್ಲೂ ಸಿಗುವ ಡಿಸ್ಕ್. ಕೈ ಯಾವ ಕೋನದಲ್ಲಿ ಬಿಡುತ್ತದೋ ಆ ಕೋನವನ್ನೇ ಹಿಡಿದುಕೊಂಡು ಹೋಗುತ್ತದೆ. ಇನೋವಾದ ಮಾಕೋ3 (5, 5, 0, 0) ಇನ್ನೂ ನೇರ. ಲ್ಯಾಟಿಟ್ಯೂಡ್ 64 ಕಂಪನಿಯ ಫ್ಯೂಸ್ (5, 6, -1, 0) ತೇಲುವುದರಲ್ಲಿ ಮುಂದು, ಬಲ ಕಡಿಮೆ ಇರುವವರಿಗೆ ಅದು ಒಪ್ಪುತ್ತದೆ. ಮೂರರಲ್ಲಿ ಯಾವುದು ಎಂದರೆ, ಸರಾಸರಿ ಬಲದ ವಯಸ್ಕರಿಗೆ ಬಝ್, ಹಗುರ ಕೈಯವರಿಗೆ ಫ್ಯೂಸ್. ಮಾಕೋ3 ನಿಮ್ಮ ತಪ್ಪನ್ನೆಲ್ಲ ಹಾಗೆಯೇ ತೋರಿಸುತ್ತದೆ. ಅದು ಒಳ್ಳೆಯ ಗುರು, ಆದರೆ ಮೊದಲ ವಾರಗಳಲ್ಲಿ ಧೈರ್ಯ ಕೆಡಿಸಬಹುದು.

ಎರಡನೆಯದು ಪಟ್ಟರ್. ಇನೋವಾ ಏವಿಯಾರ್ (2, 3, 0, 1), ಡೈನಮಿಕ್ ಡಿಸ್ಕ್ಸ್‌ನ ಜಡ್ಜ್ (2, 4, 0, 1), ಗೇಟ್‌ವೇಯ ವಿಝರ್ಡ್ (2, 3, 0, 2): ಹತ್ತು ಮೀಟರ್ ಒಳಗೆ ಇವುಗಳ ಹಾರಾಟದಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಇಲ್ಲಿ ಅಂಕಿ ಬಿಟ್ಟು ಕೈಗೆ ಹೇಗೆ ಕೂರುತ್ತದೆ ನೋಡಿ. ಕೆಲವು ಪಟ್ಟರ್‌ಗಳ ಅಂಚಿನ ತಳದಲ್ಲಿ ಒಂದು ಸಣ್ಣ ಉಬ್ಬು ಸುತ್ತಲೂ ಓಡಿರುತ್ತದೆ, ಅದಕ್ಕೆ ಬೀಡ್ ಎನ್ನುತ್ತಾರೆ. ಜಡ್ಜ್ ಮತ್ತು ವಿಝರ್ಡ್‌ನಲ್ಲಿ ಅದಿದೆ, ಮಾಮೂಲಿ ಏವಿಯಾರ್‌ನಲ್ಲಿ ಇಲ್ಲ. ಬೀಡ್ ಇದ್ದರೆ ಬೆರಳಿಗೆ ಆನಿಕೆ ಸಿಗುತ್ತದೆ. ಚಿಕ್ಕ ಅಂಗೈಯವರಿಗೆ ಅದೇ ಅಡ್ಡಿಯಾಗಿ, ಡಿಸ್ಕ್ ಕೈಬಿಡುವಾಗ ತಡವರಿಸಬಹುದು. ಅಂಗಡಿಯಲ್ಲಿ ಐದಾರನ್ನು ಹಿಡಿದು, ಪಟ್ ಮಾಡುವ ಹಾಗೆ ಕೈ ಆಡಿಸಿ ನೋಡಿ. ಯಾವುದನ್ನು ಹಿಡಿದಾಗ ಬೆರಳಿನ ಜಾಗ ಹುಡುಕಬೇಕಾಗುವುದಿಲ್ಲವೋ ಅದೇ ನಿಮ್ಮದು.

ಪಟ್ಟರ್ ಬರೀ ಬುಟ್ಟಿಗೆ ಹಾಕುವುದಕ್ಕಲ್ಲ. 40-50 ಮೀಟರ್ ದೂರದ ಎಸೆತಗಳನ್ನು ಅದರಲ್ಲೇ ಕಲಿಯಿರಿ. ಅದರ ಅಂಚು ಮೊಂಡು. ಕೈ ನಡುಗಿದರೆ ಡಿಸ್ಕೂ ಎದ್ದು ಕಾಣುವಂತೆ ನಡುಗುತ್ತದೆ. ಆ ನಡುಕ ನಿಂತ ಮೇಲೆ ಉಳಿದ ಡಿಸ್ಕ್‌ಗಳೂ ತಾವಾಗಿ ದೂರ ಹೋಗತೊಡಗುತ್ತವೆ.

ಮೂರನೆಯದು ಫೇರ್‌ವೇ ಡ್ರೈವರ್. ಲೆಪರ್ಡ್ ಇಲ್ಲಿನ ಹಳೆಯ, ನಂಬಿಕಸ್ಥ ಆಯ್ಕೆ. ಲೆಪರ್ಡ್3 (7, 5, -2, 1) ಅದಕ್ಕಿಂತ ಚಪ್ಪಟೆ, ತುಸು ವೇಗದ್ದು. ಲ್ಯಾಟಿಟ್ಯೂಡ್ 64ರ ಡೈಮಂಡ್ (8, 6, -3, 1) ಸ್ಪೀಡ್ 8 ಆದರೂ ಹಗುರ ತೂಕದಲ್ಲೇ ಬರುವುದರಿಂದ, ಟರ್ನ್ ಜಾಸ್ತಿ ಇರುವುದರಿಂದ, ಹೆಂಗಸರಿಗೂ ಹದಿಹರೆಯದವರಿಗೂ ಚೆನ್ನಾಗಿ ಹಾರುತ್ತದೆ. ಜೋರಾಗಿ ಎಸೆಯುವವರ ಕೈಯಲ್ಲಿ ಅದು ಬಲಕ್ಕೆ ಮಗುಚಿ ನೆಲದ ಮೇಲೆ ಉರುಳುತ್ತದೆ. ಟೀಬರ್ಡ್ (7, 5, 0, 2) ಬಹಳ ಹೊಗಳಿಕೆ ಪಡೆದ ಡಿಸ್ಕ್, ಆದರೆ 70 ಮೀಟರ್ ದಾಟದವರ ಕೈಯಲ್ಲಿ ಅದು ಸುಮ್ಮನೆ ಎಡಕ್ಕೆ ಹೋಗುತ್ತದೆ; ನಂತರಕ್ಕೆ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲೋ ಬೇರೆಡೆಯೋ ಅಲ್ಟಿಮೇಟ್ ಆಡಿ ಬಂದವರ ಲೆಕ್ಕ ಸ್ವಲ್ಪ ಬೇರೆ. ಅವರಿಗೆ ಫೋರ್‌ಹ್ಯಾಂಡ್ ಆಗಲೇ ಬರುತ್ತದೆ, ಮಣಿಕಟ್ಟಿನ ಚುರುಕೂ ಇರುತ್ತದೆ. ಫೋರ್‌ಹ್ಯಾಂಡ್‌ನಲ್ಲಿ ನಡುಕ ಬೇಗ ಸೇರಿಕೊಳ್ಳುವುದರಿಂದ -2, -3 ಟರ್ನ್ ಇರುವ ಡಿಸ್ಕ್ ತಕ್ಷಣ ಮಗುಚುತ್ತದೆ. ಅಂಥವರು ಮೂರನೆಯ ಡಿಸ್ಕ್ ಆಗಿ ಲೆಪರ್ಡ್ ಬದಲು ಟೀಬರ್ಡ್ ತೆಗೆದುಕೊಂಡರೂ ಸರಿಯೇ.

ಸೆಟ್ ಕೊಳ್ಳುವುದೋ, ಬಿಡಿಯಾಗಿಯೋ?

ಮೂರು ಡಿಸ್ಕಿನ ಸ್ಟಾರ್ಟರ್ ಸೆಟ್ ಅಮೆರಿಕದಲ್ಲಿ ಸುಮಾರು 25-35 ಡಾಲರ್. ಅವೇ ಡಿಸ್ಕ್‌ಗಳನ್ನು ಅದೇ ಪ್ಲಾಸ್ಟಿಕ್‌ನಲ್ಲಿ ಬಿಡಿಯಾಗಿ ಕೊಂಡರೆ ಸಾಮಾನ್ಯವಾಗಿ ಇದಕ್ಕಿಂತ ಕೊಂಚ ಹೆಚ್ಚು. ಇನೋವಾದ ಸೆಟ್‌ನಲ್ಲಿ ಬಹುಕಾಲದಿಂದ ಬರುತ್ತಿರುವುದು ಲೆಪರ್ಡ್, ಶಾರ್ಕ್ (4, 4, 0, 2), ಏವಿಯಾರ್. ಡೈನಮಿಕ್ ಡಿಸ್ಕ್ಸ್ ಸೆಟ್‌ನಲ್ಲಿ ಜಡ್ಜ್, ಟ್ರೂತ್, ಎಸ್ಕೇಪ್. ಎರಡನೆಯ ಸೆಟ್‌ನ ಪಟ್ಟರ್ ನಮಗೆ ಹೆಚ್ಚು ಇಷ್ಟ, ಆದರೆ ಎಸ್ಕೇಪ್‌ನ ಸ್ಪೀಡ್ 9 (9, 5, -1, 2), ಅದು ಮೊದಲ ಆರು ತಿಂಗಳು ಚೀಲದಲ್ಲೇ ಕೂರುತ್ತದೆ. ಹೊಸಬರ ಮಟ್ಟಿಗೆ ಇನೋವಾ ಸೆಟ್ ಮೂರೂ ಡಿಸ್ಕ್ ಮೊದಲ ದಿನದಿಂದ ಉಪಯೋಗಕ್ಕೆ ಬರುವಂಥದ್ದು. ಕೊಳ್ಳುವಾಗ ಡಬ್ಬಿಯ ಮೇಲೆ ತೂಕ ನೋಡಿ. ಹಗುರ ಮತ್ತು ಭಾರದ ಸೆಟ್‌ಗಳು ಬೇರೆ ಬೇರೆ ಬರುತ್ತವೆ.

ಅಂಗಡಿ ಹತ್ತಿರವೇ ಇದ್ದು ಹಿಡಿದು ನೋಡಲು ಆಗುವುದಾದರೆ ಬಿಡಿಯಾಗಿ ಬಝ್, ಕೈಗೊಪ್ಪುವ ಒಂದು ಪಟ್ಟರ್, ಲೆಪರ್ಡ್ ಕೊಳ್ಳುವುದು ಸೆಟ್‌ಗಿಂತ ಒಳ್ಳೆಯದು. ಆನ್‌ಲೈನ್ ತರಿಸುವವರಿಗೆ ಸೆಟ್ ಸಾಕು. ಆಟಿಕೆ ಅಂಗಡಿಯ ಹೆಸರಿಲ್ಲದ ಸೆಟ್ ಬೇಡ: ಪ್ಲಾಸ್ಟಿಕ್ ಜಾರುತ್ತದೆ, ಕಳೆದುಹೋದರೆ ಅಂಥದ್ದೇ ಇನ್ನೊಂದು ಸಿಗುವುದಿಲ್ಲ.

ಬಳಸಿದ ಡಿಸ್ಕ್ ಕೊಳ್ಳಬಹುದು, ಅದರಲ್ಲೂ ಮಿಡ್‌ರೇಂಜ್ ಮತ್ತು ಡ್ರೈವರ್. ಸಪಾಟು ಮೇಜಿನ ಮೇಲಿಟ್ಟು ಅಲ್ಲಾಡುತ್ತದೆಯೇ ನೋಡಿ, ಅಂಚಿನ ಸುತ್ತ ಬೆರಳಾಡಿಸಿ. ಸಣ್ಣ ಗೀರುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಸರಿಮಾಡಲು ನಿಯಮವೂ ಒಪ್ಪುತ್ತದೆ. ತುಂಡು ಹಾರಿಹೋಗಿದ್ದರೆ, ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ.

ಪ್ಲಾಸ್ಟಿಕ್: ಅಗ್ಗದ್ದೇ ಮೇಲು, ಸದ್ಯಕ್ಕೆ

ಒಂದೇ ಅಚ್ಚಿನ ಡಿಸ್ಕ್ ನಾಲ್ಕಾರು ಪ್ಲಾಸ್ಟಿಕ್‌ಗಳಲ್ಲಿ ಬರುತ್ತದೆ. ಇನೋವಾದಲ್ಲಿ ಡಿಎಕ್ಸ್ ಅಗ್ಗದ್ದು, ಸ್ಟಾರ್ ಮತ್ತು ಚಾಂಪಿಯನ್ ದುಬಾರಿ. ಡಿಸ್ಕ್ರಾಫ್ಟ್‌ನಲ್ಲಿ ಪ್ರೊ-ಡಿ ಅಗ್ಗ, ಝಡ್ ಮತ್ತು ಇಎಸ್‌ಪಿ ದುಬಾರಿ. ಡೈನಮಿಕ್‌ನಲ್ಲಿ ಪ್ರೈಮ್ ಅಗ್ಗ, ಲೂಸಿಡ್ ದುಬಾರಿ. ಅಗ್ಗದ್ದು 10 ಡಾಲರ್ ಆಸುಪಾಸು, ದುಬಾರಿಯದು 16-20.

ಅಗ್ಗದ ಪ್ಲಾಸ್ಟಿಕ್ ಕೈಗೆ ಚೆನ್ನಾಗಿ ಅಂಟುತ್ತದೆ, ಬೆವರಿನಲ್ಲೂ. ಅದೇ ಅಚ್ಚು ಚಾಂಪಿಯನ್‌ನಲ್ಲಿ ಬಂದಾಗ ಸಾಮಾನ್ಯವಾಗಿ ಎಡಕ್ಕೆ ಹೆಚ್ಚು ಎಳೆಯುತ್ತದೆ, ಡಿಎಕ್ಸ್‌ನಲ್ಲಿ ನೇರ ಹೋಗುತ್ತದೆ. ಹೊಸಬರಿಗೆ ಬೇಕಾದದ್ದು ಎರಡನೆಯದೇ. ಅದರ ಕೊರತೆ ಒಂದೇ, ಮರ ಕಲ್ಲುಗಳಿಗೆ ಬಡಿದು ಬೇಗ ಸವೆಯುತ್ತದೆ. ಸವೆದಂತೆ ಫೇಡ್ ಕಡಿಮೆಯಾಗಿ ಟರ್ನ್ ಜಾಸ್ತಿಯಾಗುತ್ತದೆ. ಮೂರು ತಿಂಗಳ ಹಿಂದೆ ನೇರ ಹೋಗುತ್ತಿದ್ದ ಲೆಪರ್ಡ್ ಈಗ ಬಲಕ್ಕೆ ತಿರುಗುತ್ತಿದ್ದರೆ ಕಾರಣ ಇದಿರಬಹುದು. ಮರಗಳ ನಡುವೆಯೇ ಇರುವ, ಕಲ್ಲು ಹೆಚ್ಚಿರುವ ಕೋರ್ಸ್ ಆಗಿದ್ದರೆ ಫೇರ್‌ವೇ ಡ್ರೈವರ್ ಒಂದನ್ನು ಮಾತ್ರ ಸ್ಟಾರ್‌ನಲ್ಲಿ ಕೊಳ್ಳಿ. ಪಟ್ಟರ್ ಯಾವಾಗಲೂ ಅಗ್ಗದ್ದರಲ್ಲೇ: ಕೈಯಲ್ಲಿ ಜಾರುವುದಿಲ್ಲ, ಸರಪಳಿಗೆ ತಾಗಿದಾಗ ಚಿಮ್ಮುವುದೂ ಕಡಿಮೆ.

ಮಿನೆಸೋಟಾ, ಫಿನ್‌ಲ್ಯಾಂಡ್‌ಗಳ ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗುತ್ತದೆ, ಹಿಡಿತ ತಪ್ಪುತ್ತದೆ. ಅಲ್ಲಿ ಚಳಿಗಾಲದಲ್ಲೂ ಆಡುವವರು ಮೆತ್ತನೆಯ ಮಿಶ್ರಣ ನೋಡಬೇಕು. ಟೆಕ್ಸಸ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟ ಡಿಸ್ಕ್ ಸೊಟ್ಟಗಾಗುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಸಪಾಟು ಜಾಗದಲ್ಲಿಟ್ಟು ಆರಲು ಬಿಟ್ಟರೆ ಬಹುತೇಕ ಸರಿಹೋಗುತ್ತದೆ.

ತೂಕ, ಬಣ್ಣ, ನೀರು

ನಿಯಮದ ಪ್ರಕಾರ ಡಿಸ್ಕಿನ ತೂಕ ಅಡ್ಡಳತೆಯ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರುವಂತಿಲ್ಲ. 21.2 ಸೆಂ.ಮೀ. ಡಿಸ್ಕಿಗೆ ಅದು ಸುಮಾರು 176 ಗ್ರಾಂ. ಗರಿಷ್ಠ ತೂಕದ್ದೇ ಬೇಕೆಂದೇನಿಲ್ಲ. ವಯಸ್ಕರಿಗೆ ಡ್ರೈವರ್ 160-170 ಗ್ರಾಂ, ಮಿಡ್‌ರೇಂಜ್ ಮತ್ತು ಪಟ್ಟರ್ 170-175. ಹಗುರ ಮೈಕಟ್ಟಿನವರಿಗೆ ಡ್ರೈವರ್ 150-160. ಹತ್ತು ವರ್ಷದೊಳಗಿನ ಮಕ್ಕಳಿಗೆ 140ಕ್ಕಿಂತ ಕಡಿಮೆ ಇದ್ದರೆ ಚೆನ್ನ. ಹಗುರ ಡಿಸ್ಕಿಗೆ ಬೇಗ ವೇಗ ಬರುತ್ತದೆ, ಆದರೆ ಎದುರುಗಾಳಿ ಅದನ್ನು ಬಲಕ್ಕೆ ತಿರುಗಿಸಿಬಿಡುತ್ತದೆ. ಗಾಳಿ ಜೋರಿರುವ ಬಯಲಿನಲ್ಲಿ ಆಡುವವರು ಐದು ಗ್ರಾಂ ಹೆಚ್ಚಿಸಿಕೊಳ್ಳಿ.

ಬಣ್ಣವನ್ನು ಅಲಕ್ಷ್ಯ ಮಾಡಬೇಡಿ. ಹಸಿರು, ಕಡುನೀಲಿ, ಕಪ್ಪು ಡಿಸ್ಕ್ ಪೊದೆಯೊಳಗೆ ಹೋದರೆ ಮೂರು ಮೀಟರ್ ದೂರದಲ್ಲೂ ಕಾಣದು. ಕೆಂಪು, ಕಿತ್ತಳೆ, ಹಳದಿ ಬೇಸಿಗೆಯಲ್ಲಿ ಚೆನ್ನ, ಎಲೆ ಉದುರುವ ಅಕ್ಟೋಬರ್‌ನಲ್ಲಿ ಅವೂ ಮಾಯ. ಎಲ್ಲ ಕಾಲಕ್ಕೂ ಎದ್ದುಕಾಣುವುದು ಗಾಢ ಗುಲಾಬಿ.

ಬಹುತೇಕ ಡಿಸ್ಕ್‌ಗಳು ನೀರಿನಲ್ಲಿ ಮುಳುಗುತ್ತವೆ. ನಿಮ್ಮ ಕೋರ್ಸಿನಲ್ಲಿ ಕೆರೆ ದಾಟಬೇಕಾದ ಜಾಗ ಇದ್ದರೆ ಇನೋವಾದ ಡ್ರ್ಯಾಗನ್ (8, 5, -2, 2) ತೇಲುವ ಡ್ರೈವರ್, ಹೈಡ್ರಾ ತೇಲುವ ಪಟ್ಟರ್. ಒಳಗಿನ ಅಂಚಿನಲ್ಲಿ ಅಳಿಸದ ಮಾರ್ಕರ್‌ನಿಂದ ಹೆಸರು, ಫೋನ್ ನಂಬರ್ ಬರೆಯಿರಿ; ಸಿಕ್ಕವರು ಕರೆ ಮಾಡಿ ಹಿಂತಿರುಗಿಸುವ ಒಳ್ಳೆಯ ರೂಢಿ ಈ ಆಟದಲ್ಲಿದೆ.

ಡಿಸ್ಕಿನ ದೋಷವೋ, ಕೈಯದೋ?

ಹೊಸ ಡಿಸ್ಕ್ ಕೊಳ್ಳುವ ಮುಂಚೆ ಕೈಯಲ್ಲಿರುವ ಮಿಡ್‌ರೇಂಜನ್ನು ಗಾಳಿಯಿಲ್ಲದ ಹೊತ್ತು ಹತ್ತು ಸಲ, ಮುಕ್ಕಾಲು ಬಲದಲ್ಲಿ ಎಸೆದು ನೋಡಿ.

ಮೇಲೇರಿ, ಒಂದು ಕ್ಷಣ ನಿಂತಂತಾಗಿ, ಎಡಕ್ಕೆ ಜಾರಿ ಬೀಳುತ್ತಿದ್ದರೆ ಮೂತಿ ಮೇಲಿದೆ. ಇದು ಹೊಸಬರಲ್ಲಿ ಅತಿ ಸಾಮಾನ್ಯ, ಯಾವ ಡಿಸ್ಕ್ ಕೊಂಡರೂ ಇದಕ್ಕೆ ಪರಿಹಾರವಿಲ್ಲ. ಮಣಿಕಟ್ಟನ್ನು ತುಸು ಕೆಳಕ್ಕೆ ಬಾಗಿಸಿ, ಹೆಬ್ಬೆರಳಿನಿಂದ ಮೇಲ್ಭಾಗವನ್ನು ಗಟ್ಟಿಯಾಗಿ ಒತ್ತಿ, ಎದೆಯ ಎತ್ತರದಲ್ಲಿ ಡಿಸ್ಕನ್ನು ನೇರ ಗೆರೆಯಲ್ಲಿ ಎಳೆಯಿರಿ. ಕೈಬಿಟ್ಟ ಕೂಡಲೇ ನಡುಗುತ್ತಾ ಬಲಕ್ಕೆ ಮಗುಚಿದರೆ, ಬಿಡುವಾಗ ಅಂಗೈ ಮೇಲ್ಮುಖವಾಗುವ ಬದಲು ನೆಲದತ್ತ ಹೊರಳುತ್ತಿದೆ ಅಥವಾ ಹಿಡಿತ ಸಡಿಲ. ನಡುಕವಿಲ್ಲದೆ ನಿಧಾನವಾಗಿ ಬಲಕ್ಕೆ ತಿರುಗಿ ಮರಳಿ ಬಾರದೆ ಇದ್ದರೆ ಮಾತ್ರ ಅದು ಡಿಸ್ಕಿನ ಗುಣ: ನಿಮ್ಮ ಕೈಗೆ ವೇಗ ಬಂದಿದೆ, ಇನ್ನಷ್ಟು ಸ್ಥಿರವಾದ, ಅಂದರೆ ಬಲಕ್ಕೆ ಅಷ್ಟಾಗಿ ತಿರುಗದ ಡಿಸ್ಕ್ ಕೊಳ್ಳುವ ಸಮಯ.

ನಾಲ್ಕನೆಯ ಡಿಸ್ಕ್ ಎಂದರೆ ಎಲ್ಲರೂ ಡ್ರೈವರ್ ಕಡೆ ಹೋಗುತ್ತಾರೆ. ನಮ್ಮ ಸಲಹೆ ಡಿಸ್ಕ್ರಾಫ್ಟ್‌ನ ಝೋನ್ (4, 3, 0, 3). ಎದುರುಗಾಳಿಯಲ್ಲೂ ಎಡಕ್ಕೇ ಬರುತ್ತದೆ ಎಂಬ ಖಾತರಿ ಅದರಲ್ಲಿದೆ, 30-50 ಮೀಟರ್‌ನಿಂದ ಬುಟ್ಟಿಯ ಹತ್ತಿರ ನಿಲ್ಲಿಸುವುದಕ್ಕೆ, ಮರ ಸುತ್ತಿಸಿ ಎಸೆಯುವುದಕ್ಕೆ, ಫೋರ್‌ಹ್ಯಾಂಡ್ ಕಲಿಯುವುದಕ್ಕೆ ಅಷ್ಟು ಉಪಯೋಗದ ಡಿಸ್ಕ್ ಇನ್ನೊಂದಿಲ್ಲ. ಐದನೆಯದಾಗಿ ನಿಮ್ಮ ಪಟ್ಟರ್‌ನದ್ದೇ ಇನ್ನೆರಡು ಪ್ರತಿ ಕೊಳ್ಳಿ, ಅದೇ ಪ್ಲಾಸ್ಟಿಕ್, ಅದೇ ತೂಕ. ಪ್ರತಿ ಪಟ್ ಆದ ಮೇಲೂ ನಡೆದು ಹೋಗಿ ತರುವ ಬದಲು ಒಂದೇ ಜಾಗದಿಂದ ಮೂರು ಹಾಕಿ ಅಭ್ಯಾಸ ಮಾಡಬಹುದು. ಬಝ್ 75 ಮೀಟರ್ ನೇರವಾಗಿ, ಹತ್ತರಲ್ಲಿ ಏಳು ಸಲ ಹೋಗತೊಡಗಿದಾಗ ಸ್ಪೀಡ್ 9ರ ಡ್ರೈವರ್‌ಗಳ ಸಾಲಿನ ಮುಂದೆ ನಿಲ್ಲಬಹುದು.